ಮಾವುತನ ಮಗಳ ಹಲ್ಲು

ಕಾಡಂಚಿನ ಆನೆ ಶಿಬಿರದಲ್ಲಿ ಬೊಳ್ಳ ಎಂಬ ಮಾವುತನಿದ್ದ. ಅವನ ಹೆಂಡತಿ ಜಯಮ್ಮ. ಅವರ ಒಬ್ಬಳೇ ಮಗಳು ಪುಷ್ಪಿಗೆ ರಾತ್ರಿ ಊಟವಾದ ಮೇಲೆ ಹಲ್ಲುಜ್ಜು ಎಂದರೆ ಸಾಕು, ಎಲ್ಲಿಲ್ಲದ ನಿದ್ದೆ ಬಂದುಬಿಡುತ್ತಿತ್ತು. ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡೇ ಚಾಪೆಗೆ ಉರುಳುವಳು. ಎಬ್ಬಿಸಿ ಬ್ರಷ್ ಕೈಗೆ ಕೊಟ್ಟರೆ ಅದನ್ನು ಹಿಡಿದುಕೊಂಡೇ ಗೊರಕೆ ಹೊಡೆಯುವಳು. ಹೇಳಿ ಹೇಳಿ ಜಯಮ್ಮನ ಗಂಟಲು ಒಣಗಿಹೋಗಿತ್ತು. ಅದಕ್ಕಿಂತ ಅವಳ ತಲೆ ಕೆಡಿಸುತ್ತಿದ್ದುದು ಗಂಡನ ಮಾತು. ಕೂಸು ಸಣ್ಣದು, ದೊಡ್ಡವಳಾದ ಮೇಲೆ ತಾನೇ ಕಲಿಯುತ್ತಾಳೆ ಎಂದು ಅವನು ಮಗಳಿಗೆ ಕಂಬಳಿ ಹೊದಿಸಿಬಿಡುತ್ತಿದ್ದ.

ಅದೇ ಬೊಳ್ಳ ಬೆಳಗಾದರೆ ಬೇರೆಯೇ ಮನುಷ್ಯ. ಗಿರಿಜೆ ಎಂಬ ಆನೆಮರಿಗೆ ಅವನು ಕಾಲೆತ್ತಿ ಕೊಡುವುದನ್ನು ಕಲಿಸುತ್ತಿದ್ದ. ಮರಿ ಅವನ ಟವೆಲ್ ಎಳೆಯುತ್ತಿತ್ತು, ಕೆಸರಿನಲ್ಲಿ ಮಲಗಿಬಿಡುತ್ತಿತ್ತು. ಬೊಳ್ಳ ಜಗ್ಗುತ್ತಿರಲಿಲ್ಲ. ಮಳೆಯಿರಲಿ, ಚಳಿಯಿರಲಿ, ಅದು ಕಾಲೆತ್ತಬೇಕು, ಇವನು ಪಾದ ತೊಳೆಯಬೇಕು, ಆಮೇಲೆಯೇ ರಾಗಿಮುದ್ದೆ.

ಒಮ್ಮೆ ಪಕ್ಕದ ಶಿಬಿರದಿಂದ ಅವನಿಗೆ ಕರೆ ಬಂತು. ಅಲ್ಲಿನ ದೊಡ್ಡ ಗಂಡಾನೆಯ ಪಾದಕ್ಕೆ ಬಿದಿರು ಚುಚ್ಚಿ ಕೀವು ತುಂಬಿತ್ತು. ಮರಿಯಾಗಿದ್ದಾಗ ಯಾರೂ ಅದಕ್ಕೆ ಕಾಲೆತ್ತಲು ಕಲಿಸಿರಲಿಲ್ಲ. ಔಷಧಿ ಹಚ್ಚಲು ಹೋದವರನ್ನೆಲ್ಲ ಅಟ್ಟಿಸಿಕೊಂಡು ಬರುತ್ತಿತ್ತು. ಕೊನೆಗೆ ಡಾಕ್ಟರು ಮತ್ತು ಬರಿಸುವ ಚುಚ್ಚುಮದ್ದು ಕೊಟ್ಟು ಗಾಯ ಸೀಳಬೇಕಾಯಿತು. ಆನೆ ಬದುಕಿತು, ಆದರೆ ಕುಂಟುವುದು ತಪ್ಪಲಿಲ್ಲ.

ಬೊಳ್ಳ ಮನೆಗೆ ಬಂದಾಗ ಪುಷ್ಪಿ ಕೆನ್ನೆ ಊದಿಸಿಕೊಂಡು ಅಳುತ್ತಿದ್ದಳು. ದವಡೆಹಲ್ಲು ಹುಳುಕಾಗಿತ್ತು. ಜಯಮ್ಮ ಲವಂಗ ಜಜ್ಜಿ ಹಚ್ಚುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು ಆನೆಯ ಪಾಡು ಹೇಳಿ, ಅದರ ಮಾವುತನನ್ನು ಬೈಯತೊಡಗಿದ. ಮರಿ ಅಂತ ಮುದ್ದು ಮಾಡಿ ಬಿಟ್ಟ, ಈಗ ಅನುಭವಿಸುತ್ತಿರುವುದು ಆನೆ ಎಂದ.

ಜಯಮ್ಮ ಲವಂಗದ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

"ಆನೆಮರಿ ಸಣ್ಣದಿರುವಾಗಲೇ ಕಲೀಬೇಕು. ನಿನ್ನ ಮಗಳು ಮಾತ್ರ ದೊಡ್ಡವಳಾದ ಮೇಲೆ ಕಲೀಬೇಕು. ಇದು ಯಾವ ನ್ಯಾಯ?"

ಬೊಳ್ಳ ಎದ್ದು ಬಂದು ಮಗಳ ಊದಿದ ಕೆನ್ನೆ ಮುಟ್ಟಿ ನೋಡಿದ. ಮರುದಿನ ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಹಲ್ಲು ಕೀಳಿಸಿಕೊಂಡು ಬಂದ. ಅಂದು ಊಟವಾದೊಡನೆ ತಾನೇ ಮೊದಲು ಬ್ರಷ್ ಹಿಡಿದು ಅಂಗಳಕ್ಕಿಳಿದ. ಎಲೆಅಡಿಕೆ ಜಗಿದು ಹಾಗೇ ಮಲಗುತ್ತಿದ್ದ ಅವನಿಗೂ ಅದು ಹೊಸದು. ಪುಷ್ಪಿ ಸಿಡುಕಿದಳು, ಅತ್ತಳು, ಪಕ್ಕದ ಮನೆಗೆ ಓಡಿದಳು. ಕೆಲವು ದಿನ ಅವನಿಗೇ ಸೋಮಾರಿತನ ಹತ್ತುತ್ತಿತ್ತು. ಅಪ್ಪ ಮಗಳಿಬ್ಬರನ್ನೂ ಅಂಗಳಕ್ಕೆ ಅಟ್ಟುವುದು ಜಯಮ್ಮನಿಗೆ ಹೊಸ ತಲೆನೋವಾಯಿತು. ಅವಳು ಗೊಣಗಿದಳೇ ಹೊರತು ಬಿಡಲಿಲ್ಲ.

ವರ್ಷಗಳು ಉರುಳಿದವು. ಪುಷ್ಪಿ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆದಳು. ಜಯಮ್ಮ ಅವಳ ಮನೆಗೆ ಹೋಗಿದ್ದಾಗ, ಮಗಳು ಡ್ಯೂಟಿ ಮುಗಿಸಿ ನಿಲ್ಲಲೂ ಆಗದಷ್ಟು ದಣಿದು ಬಂದಳು. ಉಣ್ಣುತ್ತಲೇ ತೂಕಡಿಸಿದಳು. ತಟ್ಟೆ ಎತ್ತಿಟ್ಟವಳು ಹಾಸಿಗೆಯ ಕಡೆ ಹೋಗಲಿಲ್ಲ. ಅರೆಗಣ್ಣಿನಲ್ಲೇ ನಲ್ಲಿಯ ಬಳಿ ನಿಂತು ಹಲ್ಲುಜ್ಜತೊಡಗಿದಳು. ಹಲ್ಲುಜ್ಜು ಎನ್ನಲೆಂದು ಬಾಯಿ ತೆರೆದಿದ್ದ ಜಯಮ್ಮ ಹಾಗೇ ಮುಚ್ಚಿಕೊಂಡಳು.

ನೀತಿ: ದೊಡ್ಡವರಾದ ಮೇಲೆ ಕಲಿಯಲಿ ಎಂದು ಬಿಟ್ಟ ಒಳ್ಳೆಯ ಅಭ್ಯಾಸ ದೊಡ್ಡವರಾದ ಮೇಲೆ ತಾನಾಗಿ ಬರುವುದಿಲ್ಲ. ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸಬೇಕು. ಬರೀ ಹೇಳಿದರೆ ಸಾಲದು, ನಾವೂ ಜೊತೆಗೆ ನಿಂತು ಮಾಡಬೇಕು.