ಇಪ್ಪೆಬನದಲ್ಲಿ ಎತ್ತು ಹುಡುಕಿದವರು

"ಗುರುಗಳೇ, ನಮ್ಮ ಈ ಇಪ್ಪೆಬನ ಇರುವುದಾದರೂ ಯಾತಕ್ಕೆ?" ಎಂದು ಶಿಷ್ಯ ಚೆನ್ನವೀರ ಕೇಳಿದ. ಅವನ ಬಗಲಲ್ಲಿ ಬಟ್ಟೆಯ ಗಂಟಿತ್ತು. "ನೆಮ್ಮದಿ ಹುಡುಕಿಕೊಂಡು ಬಂದೆ. ಆರು ತಿಂಗಳಾಯಿತು. ನಸುಕಿನಲ್ಲಿ ಎದ್ದೆ, ಗುಡ್ಡ ಹತ್ತಿದೆ, ಮರದ ಕೆಳಗೆ ಕಣ್ಣು ಮುಚ್ಚಿ ಕೂತೆ. ಇಲ್ಲಿ ಎಲ್ಲರೂ ಮಾಡುವುದನ್ನೆಲ್ಲ ನಾನೂ ಮಾಡಿದೆ. ಒಳಗೆ ಅದೇ ಕಳವಳ. ಇವತ್ತು ನಿಮ್ಮಿಂದ ಉತ್ತರ ಸಿಗದಿದ್ದರೆ ಊರಿಗೆ ಹೊರಡುತ್ತೇನೆ."

"ಹೊರಡುವವನು ಹೊರಡು, ಯಾರು ಬೇಡವೆಂದರು?" ಎಂದರು ಗುರುಗಳು. "ಬಿಸಿಲು ಸ್ವಲ್ಪ ಇಳಿಯಲಿ. ಅಲ್ಲಿಯವರೆಗೆ ಆ ಗಂಟನ್ನು ಕೆಳಗಿಟ್ಟು ಈ ಬನ ಹುಟ್ಟಿದ ಕತೆ ಕೇಳು." ಅವರು ಹೇಳತೊಡಗಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಊರೂರಿಗೆ ಕಂಬಳಿ ಮಾರುತ್ತಿದ್ದ. ಅವನ ಕಂಬಳಿ ಹೊದ್ದವರೆಲ್ಲ ಗೊರಕೆ ಹೊಡೆಯುತ್ತಿದ್ದರು, ಅವನಿಗೆ ಮಾತ್ರ ನಿದ್ದೆಯಿಲ್ಲ. ನೋಡು ಗ್ರಹಚಾರ! ಹನ್ನೊಂದು ತಿಂಗಳು ಕಣ್ಣಿಗೆ ಕಣ್ಣು ಹತ್ತಲಿಲ್ಲ. ವೈದ್ಯರು ಕೊಟ್ಟ ಕಷಾಯ ಕುಡಿದ, ತಲೆಗೆ ಎಣ್ಣೆ ಹಚ್ಚಿದ, ಕಂಡ ಕಂಡ ದೇವರಿಗೆ ಹರಕೆ ಹೊತ್ತ. ಏನೂ ಆಗಲಿಲ್ಲ.

ಒಂದು ದಿನ ಈ ಗುಡ್ಡಗಳ ದಾರಿಯಲ್ಲಿ ಹೋಗುವಾಗ ಹೊರೆ ಹೊರುವ ಅವನ ಎತ್ತು ತಪ್ಪಿಸಿಕೊಂಡಿತು. ಮನೆಯಲ್ಲೇ ಹುಟ್ಟಿ ಬೆಳೆದ ಎತ್ತು. ವ್ಯಾಪಾರಿ ಕಂಗಾಲಾದ. ಹೆಸರು ಹಿಡಿದು ಕೂಗುತ್ತಾ ಮುಳ್ಳು ಕಲ್ಲು ನೋಡದೆ ದಿನವೆಲ್ಲ ಅಲೆದ. ಕೊನೆಗೆ ನೋಡಿದರೆ ಅದು ಎರಡು ಬಂಡೆಗಳ ನಡುವೆ ಕಾಲು ಸಿಕ್ಕಿಸಿಕೊಂಡು ನಿಂತಿತ್ತು. ಕಲ್ಲು ಸರಿಸಿ ಬಿಡಿಸಿದ, ಹಳ್ಳಕ್ಕೆ ಕರೆದುಕೊಂಡು ಹೋಗಿ ನೀರು ಕುಡಿಸಿದ. ಆಮೇಲೆ ಅಲ್ಲೇ ಇದ್ದ ಇಪ್ಪೆಯ ಮರದ ಕೆಳಗೆ ಸ್ವಲ್ಪ ಒರಗಿದ. ಎಚ್ಚರವಾದಾಗ ಮಾರನೆಯ ದಿನದ ಮಧ್ಯಾಹ್ನ.

ಅವನ ಸಂತೋಷ ಕೇಳಬೇಡ. ಕುಣಿದಾಡಿಬಿಟ್ಟ. ಮನುಷ್ಯ ಒಳ್ಳೆಯವನು, ತನಗೆ ಸಿಕ್ಕಿದ್ದು ಎಲ್ಲರಿಗೂ ಸಿಗಲಿ ಎಂದುಕೊಂಡ. ವ್ಯಾಪಾರ ಬಿಟ್ಟ. ಮರದ ಸುತ್ತ ಕಟ್ಟೆ ಕಟ್ಟಿಸಿದ, ಗುಡಿಸಲು ಹಾಕಿಸಿದ. ಇಪ್ಪೆಬನ ಎಂದು ಹೆಸರಿಟ್ಟ. ನಿದ್ದೆಗೆಟ್ಟವರು, ನೊಂದವರು, ಮನೆಯಲ್ಲಿ ಜಗಳವಾಡಿ ಬಂದವರು, ಎಲ್ಲರೂ ಬಂದು ಮರದ ಕೆಳಗೆ ಸಾಲಾಗಿ ಮಲಗಿದರು. ಯಾರೂ ಮಾತಾಡಕೂಡದು ಎಂದು ಕಟ್ಟಪ್ಪಣೆ. ಜನ ಅವನನ್ನು ಸ್ವಾಮಿ ಎಂದು ಕರೆಯತೊಡಗಿದರು. ಅವನೂ ಬೇಡವೆನ್ನಲಿಲ್ಲ.

ಆದರೆ ಒಬ್ಬರಿಗಾದರೂ ನಿದ್ದೆ ಬರಬೇಕಲ್ಲ! ಪಕ್ಕದವನಿಗೆ ಬಂತೋ ಏನೋ ಎಂದು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವುದೇ ಆಯಿತು. ವ್ಯಾಪಾರಿ ತಲೆ ಕೆಡಿಸಿಕೊಂಡ. ಮಲಗುವ ಮುಂಚೆ ತಾನೇನು ಮಾಡಿದ್ದೆ ಎಂದು ನೆನೆಸಿಕೊಂಡ. ಹೌದಲ್ಲ, ಎತ್ತು ಹುಡುಕಿದ್ದೆ! ಮಾರನೆಯ ದಿನದಿಂದಲೇ ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಎತ್ತನ್ನು ಗುಡ್ಡಕ್ಕೆ ಬಿಡುವುದು, ಬಂದವರೆಲ್ಲ ಅದನ್ನು ಹುಡುಕುವುದು. ಸಿಕ್ಕಿದ ಮೇಲೆ ಕೊಂಬು ಮುಟ್ಟಿ, ಓಡಿ ಬಂದು ಮರದ ಕೆಳಗೆ ಮಲಗುವುದು.

ನಗಬೇಡ. ನೀನು ಆಗ ಇದ್ದಿದ್ದರೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದೆ.

ಎತ್ತು ಇವರಿಗಿಂತ ಬುದ್ಧಿವಂತ. ದಿನಾ ಒಂದೇ ಬಂಡೆಯ ಹತ್ತಿರ ಹೋಗಿ ನಿಂತು ಕಾಯತೊಡಗಿತು. ಜನ ಬಂದರು, ಕೊಂಬು ಮುಟ್ಟಿದರು, ಹೋದರು. ಕಾಲು ಸೋತವರಿಗೆ ಒಂದಿಷ್ಟು ಜೊಂಪು ಹತ್ತುತ್ತಿತ್ತು. ಎದ್ದ ಕೂಡಲೇ ಅದೇ ಸಂಕಟ.

ಹೀಗಿರುವಾಗ ಒಬ್ಬ ಸೂಲಗಿತ್ತಿ ಬಂದಳು. ಬಂದವಳೇ ಎರಡು ಕೈಗಳನ್ನೂ ಮುಂದೆ ಚಾಚಿದಳು. ಕೈ ಗಡಗಡ ನಡುಗುತ್ತಿತ್ತು.

"ಸ್ವಾಮಿ, ಬೇಸಗೆಯಲ್ಲಿ ಈ ಕೈಯಲ್ಲೇ ಒಂದು ಕೂಸು ಹೋಯಿತು. ಅವತ್ತಿನಿಂದ ನಿದ್ದೆಯಿಲ್ಲ, ಕೈ ನಿಲ್ಲುವುದಿಲ್ಲ. ನಮ್ಮೂರಲ್ಲಿ ಇಬ್ಬರು ತುಂಬು ಬಸುರಿಯರಿದ್ದಾರೆ. ನನ್ನ ಬಿಟ್ಟರೆ ಬೇರೆ ಸೂಲಗಿತ್ತಿಯಿಲ್ಲ. ಈ ಕೈ ಇಟ್ಟುಕೊಂಡು ಆ ಮಕ್ಕಳನ್ನು ಹೇಗೆ ಮುಟ್ಟಲಿ?"

"ಎತ್ತು ಹುಡುಕು ತಾಯಿ. ಎಲ್ಲ ಸರಿಹೋಗುತ್ತದೆ," ಎಂದ ವ್ಯಾಪಾರಿ.

ಎರಡು ದಿನ ಅವಳೂ ಓಡಿದಳು, ಕೊಂಬು ಮುಟ್ಟಿದಳು, ಬಂದು ಮಲಗಿದಳು. ಕಣ್ಣು ಮುಚ್ಚಿದರೆ ಆ ಕೂಸೇ ಕಾಣುತ್ತಿತ್ತು. ಮೂರನೆಯ ದಿನ ಎಲ್ಲರೂ ಮರಳಿದರು, ಸೂಲಗಿತ್ತಿ ಮರಳಲಿಲ್ಲ. ಊಟದ ಹೊತ್ತು ಮೀರಿತು. ನೊಂದ ಹೆಂಗಸು, ಏನು ಮಾಡಿಕೊಂಡಳೋ ಎಂದು ವ್ಯಾಪಾರಿ ಗುಡ್ಡಕ್ಕೆ ಓಡಿದ.

ಬಂಡೆಯ ನೆರಳಲ್ಲಿ ಎತ್ತು ಮಲಗಿತ್ತು. ಅದರ ಹೊಟ್ಟೆಗೆ ಒರಗಿ ಸೂಲಗಿತ್ತಿ ಗಾಢನಿದ್ದೆಯಲ್ಲಿದ್ದಳು. ಎತ್ತಿನ ಒಂದು ಕಾಲಿಗೆ ಅವಳ ಸೆರಗಿನ ತುಂಡು ಕಟ್ಟಿತ್ತು. ಪಕ್ಕದಲ್ಲಿ ಬೆರಳುದ್ದದ ಜಾಲಿಮುಳ್ಳು, ಜಜ್ಜಿದ ಸೊಪ್ಪು. ಕಾಲು ಹಿಡಿದು ಕೀವು ತೆಗೆದು, ತೊಳೆದು, ಕಟ್ಟುವಷ್ಟರಲ್ಲಿ ಅವಳಿಗೆ ಅರ್ಧ ದಿನ ಹಿಡಿದಿತ್ತು.

ವ್ಯಾಪಾರಿ ಅವಳನ್ನು ಎಬ್ಬಿಸದೆ ಸಂಜೆಯವರೆಗೆ ಕಾದು ಕೂತ. ಅವಳು ಎದ್ದ ಮೇಲೆ ಕೈಮುಗಿದು ಕೇಳಿದ, "ತಾಯಿ, ನಿದ್ದೆ ಹೇಗೆ ಬಂತು?"

ಅವಳು ಸ್ವಾಮಿ ಗೀಮಿ ಎಲ್ಲ ಮರೆತು ಬೈದಳು. "ನಿದ್ದೆಯ ಚಿಂತೆ ಯಾರಿಗಿತ್ತಯ್ಯಾ? ಮೂಕಪ್ರಾಣಿ ಎಷ್ಟು ದಿನದಿಂದ ಕುಂಟುತ್ತಿತ್ತೋ ಏನೋ! ಇಷ್ಟು ಜನ ದಿನಾ ಬಂದು ಕೊಂಬು ಮುಟ್ಟಿ ಹೋಗುತ್ತೀರಲ್ಲ, ಒಬ್ಬರಿಗಾದರೂ ಇದರ ಕಾಲು ಕಾಣಲಿಲ್ಲವೇ?"

ವ್ಯಾಪಾರಿ ಹಣೆ ಚಚ್ಚಿಕೊಂಡ. ಅದು ಅವನದೇ ಎತ್ತು, ಅವನಿಗೂ ಕಂಡಿರಲಿಲ್ಲ! ಅಲ್ಲೇ ಕೂತು ಗಳಗಳನೆ ಅತ್ತ. ಹಿಂದೊಂದು ದಿನ ಈ ಎತ್ತು ಬದುಕಿದೆಯೋ ಸತ್ತಿದೆಯೋ ಎಂದು ಒದ್ದಾಡುತ್ತಾ ಇದೇ ಗುಡ್ಡ ಅಲೆದಿದ್ದ. ಆ ದಿನ ಅವನು ನಿದ್ದೆಯನ್ನು ಹುಡುಕಿಯೇ ಇರಲಿಲ್ಲ.

ಸೂಲಗಿತ್ತಿ ಇನ್ನೂ ನಾಲ್ಕು ದಿನ ನಿಂತಳು. ಗಾಯ ಮಾಯುವವರೆಗೆ ಹೋಗಲೊಲ್ಲೆ ಎಂದಳು. ಆಮೇಲೆ ಊರಿಗೆ ಹೋದಳು. ಕೈಯ ನಡುಕ ಪೂರ್ತಿ ನಿಂತಿರಲಿಲ್ಲವಂತೆ. ಆದರೂ ಬಸುರಿಯ ಹತ್ತಿರ ಕೂತಾಗ ಅವಳಿಗೆ ಕೈಯ ನೆನಪೇ ಆಗಲಿಲ್ಲವಂತೆ. ಎರಡು ಮನೆಯಲ್ಲೂ ತೊಟ್ಟಿಲು ಕಟ್ಟಿದರು.

ವ್ಯಾಪಾರಿ ಮರದ ಕಟ್ಟೆ ಕೆಡವಿಸಿದ. ಎತ್ತನ್ನು ಗುಡ್ಡಕ್ಕೆ ಬಿಡುವುದು ನಿಂತಿತು. ಅಂದಿನಿಂದ ಈ ಬನದಲ್ಲಿ ಬಂದವರಿಗೆ ಇರಲು ನೆರಳು, ಎರಡು ಹೊತ್ತು ಊಟ, ಅಷ್ಟೇ. ಇದನ್ನೇ ಮಾಡು, ಇಂತಲ್ಲೇ ಕೂರು ಎಂದು ಯಾರಿಗೂ ಹೇಳುವುದಿಲ್ಲ. ಸುತ್ತ ಇಷ್ಟೊಂದು ಗಿಡ, ದನ, ಜನ ಇರುವಾಗ ಹೇಳುವ ಅಗತ್ಯವೂ ಇಲ್ಲ. ಕಣ್ಣು ಬಿಟ್ಟು ನೋಡಿದವರು ಒಬ್ಬರೂ ಇಲ್ಲಿಂದ ಬರಿಗೈಯಲ್ಲಿ ಹೋಗಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮುಖದಲ್ಲಿ ಕಳೆ ಬಂದಿತ್ತು. ಗಂಟನ್ನು ದೂರ ಸರಿಸಿ, ಮುಂದೆ ಜರುಗಿ ಕೂತ.

"ಗೊತ್ತಾಯಿತು ಗುರುಗಳೇ. ಕೊಟ್ಟಿಗೆಯ ಎತ್ತಿನ ಸೇವೆಯನ್ನು ನಾಳೆಯಿಂದ ನನಗೇ ಕೊಡಿ. ಹಾಗಾದರೂ ನನಗೆ ನೆಮ್ಮದಿ ಸಿಗುತ್ತದಲ್ಲ?"

ಗುರುಗಳು ಜೋರಾಗಿ ನಕ್ಕರು. ಆಮೇಲೆ ಕೇಳಿದರು:

"ಎತ್ತು ಹಾಗಿರಲಿ, ಆರು ತಿಂಗಳಿಂದ ನಿನ್ನ ಪಕ್ಕದ ಚಾಪೆಯಲ್ಲಿ ಮಲಗುವವನ ಹೆಸರೇನಪ್ಪ?"

ಚೆನ್ನವೀರ ಗಂಟನ್ನು ಅಲ್ಲೇ ಬಿಟ್ಟು, ಗೊತ್ತಿಲ್ಲದ ಆ ಹೆಸರನ್ನು ಕೇಳಿಕೊಂಡು ಬರಲು ಗುಡಿಸಲಿನ ಕಡೆ ಓಡಿದ.