ಮೂರನೇ ತಿರುವಿನ ಏರು

ಬೆಟ್ಟದ ಮೇಲಿನ ಊರಿಗೆ ಜನರನ್ನು ಹೊರುತ್ತಿದ್ದ ಹಳೇ ಜೀಪಿನ ಎಂಜಿನ್ನು ಕೆಟ್ಟು ಕೂತಿತು. ಗ್ಯಾರೇಜಿನ ದಸ್ತಗೀರ್ ಮೇಸ್ತ್ರಿ ಬೇರೆ ಎರಡು ಎಂಜಿನ್ನು ತಂದಿಟ್ಟು, ಜೀಪಿಗೆ, "ಅಜ್ಜಾ, ನೀನೇ ಆರಿಸು. ಆರಿಸಿದ್ದೂ ಕೈಕೊಟ್ಟರೆ ನಿನಗೆ ಗುಜರಿಯೇ ಗತಿ" ಎಂದ.

ಕಾರಿನಿಂದ ಇಳಿಸಿದ್ದ ಪೆಟ್ರೋಲ್ ಎಂಜಿನ್ನು, "ಎಷ್ಟು ವೇಗ ಬೇಕು ಹೇಳಿ, ಕೊಡುತ್ತೇನೆ" ಎಂದಿತು. ಪ್ರಾಯದಲ್ಲೂ ಜೋರಾಗಿ ಓಡದ ಜೀಪಿಗೆ ಬಾಯಲ್ಲಿ ನೀರೂರಿತು.

ಇಟ್ಟಿಗೆ ಟೆಂಪೋದಲ್ಲಿ ದುಡಿದಿದ್ದ ಡೀಸೆಲ್ ಎಂಜಿನ್ನು ಮೆಲ್ಲಗೆ ಕೇಳಿತು: "ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕಾಗುತ್ತೆ, ಅಜ್ಜಾ?"

ಜೀಪು ಬೆರಗಾಯಿತು. ನಲವತ್ತು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. "ಮೂರನೇ ತಿರುವಿನ ಏರಲ್ಲಿ ಚಿಕ್ಕತಾಯಮ್ಮ ಮಜ್ಜಿಗೆ ಗಡಿಗೆ ಹೊತ್ತು ಕಾಯುತ್ತಾಳೆ. ಅಲ್ಲಿ ನಿಂತರೆ, ಮತ್ತೆ ಹೊರಡುವಾಗ ಹಿಂದಕ್ಕೆ ಜಾರಿ ಕುಲುಕುತ್ತೇನೆ."

"ತುಂಬಿದ ಭಾರ ಹೊತ್ತು ನಿಂತಲ್ಲಿಂದ ಹೊರಡೋದು, ನಾನು ಕಲಿತದ್ದು ಅದೊಂದೇ" ಎಂದಿತು ಡೀಸೆಲ್ ಎಂಜಿನ್ನು.

"ಮೇಸ್ತ್ರಿ, ಇವನನ್ನೇ ಕೂರಿಸು" ಎಂದಿತು ಜೀಪು.

ಮರುವಾರ ಜೀಪು ಆ ಏರಲ್ಲಿ ನಿಂತಿತು. ಚಿಕ್ಕತಾಯಮ್ಮ ಹತ್ತಿ, ಗಡಿಗೆಯನ್ನು ತೊಡೆಯ ಮೇಲಿಟ್ಟು, ಎಂದಿನಂತೆ ಅದರ ಬಾಯಿಗೆ ಅಂಗೈ ಒತ್ತಿ ಹಿಡಿದಳು. ಜೀಪು ಒಂದಿಂಚೂ ಜಾರದೆ ಹೊರಟಿತು. ನಾಲ್ಕನೇ ತಿರುವು ಬರುವಷ್ಟರಲ್ಲಿ ಅವಳು ಗಡಿಗೆಯಿಂದ ಕೈ ತೆಗೆದು, ಎಲೆಅಡಿಕೆ ಚೀಲ ಬಿಚ್ಚಿದ್ದಳು.