ಮಾಚೋಜನ ತಪ್ಪು

ಕರಿಗಲ್ಲುದುರ್ಗದ ದಾರಿಯಲ್ಲಿ ಹೋಗುವವರು ಈಗ ಊರನ್ನು ನೋಡದೆಯೇ ಊರು ದಾಟಿಬಿಡುತ್ತಾರೆ. ಹೆದ್ದಾರಿ ಪೂರ್ವದ ಬಂಡೆಯ ಬುಡದಲ್ಲಿ ಸುರಂಗ ಹೊಕ್ಕು, ಪೇಟೆ, ಗುಡಿ, ಮಸೀದಿ, ಶಾಲೆಗಳ ಅಡಿಯಲ್ಲಿ ಹಾದು, ಪಶ್ಚಿಮದ ಹೊಳೆಯ ಕಡೆ ಹೊರಬೀಳುತ್ತದೆ. ಮೇಲೆ ಊರೊಳಗೆ ಹೋಗುವ ಬಸ್ಸು ಮಾತ್ರ ಕೋಟೆ ಓಣಿಯ ತಿರುವಿನಲ್ಲಿ ನಿಲ್ಲುತ್ತದೆ. “ತಪ್ಪು ಇಳಿಯೋರು ಬರ್ರಿ” ಎಂದು ಕಂಡಕ್ಟರು ಕರೆದಾಗ ಹೊಸಬರು ನಗುವುದುಂಟು. ಆ ತಾಣದ ಪೂರ್ತಿ ಹೆಸರು ಮಾಚೋಜನ ತಪ್ಪು. ಅಲ್ಲಿ ನೆಲದಲ್ಲಿ ಕಬ್ಬಿಣದ ಜಾಲರಿ ಹೊದಿಸಿದ ಒಂದು ಆಳವಾದ ಗುಂಡಿಯಿದೆ. ನೋಡಿದರೆ ಹಾಳುಬಾವಿ ಅನ್ನಿಸುತ್ತದೆ. ಅದು ಬಾವಿಯಲ್ಲ, ಸುರಂಗಕ್ಕೆ ಗಾಳಿ ಕೊಡುವ ಗಂಡಿ. ಅದಕ್ಕೆ ಆ ಹೆಸರು ಬಂದ ಬಗೆಯನ್ನು ಊರಿನ ಹಿರಿಯರು ಇಂದಿಗೂ ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಹೊಳೆಯಿಂದ ಸಂತೆಗೆ ಬರುವ ಬಂಡಿಗಳು ಬಂಡೆ ಸುತ್ತಿ ಬರಲು ಒಂದು ಹಗಲು ಹಿಡಿಯುತ್ತಿತ್ತಂತೆ. ಊರಿನ ಅಡಿಯಲ್ಲೇ ಬಂಡಿದಾರಿ ಕೊರೆಯಬೇಕೆಂದು ನಾಯಕ ಮನಸ್ಸು ಮಾಡಿದ. ಆ ಕೆಲಸಕ್ಕೆ ಒದಗಿದವನು ಕಲ್ಲುಕುಟಿಗರ ಮುಖ್ಯಸ್ಥ ಮಾಚೋಜ. ಬಂಡೆಗೆ ಕಿವಿಯಿಟ್ಟು ಒಳಗಿನ ಬಿರುಕು ಹೇಳಬಲ್ಲವನು ಎಂದು ಅವನಿಗೆ ಹೆಸರಿತ್ತು. ಸುರಂಗಕ್ಕೆ ಬಾಯಿಗಿಂತ ಮೂಗು ಮುಖ್ಯ ಎಂದು ಅವನು ಮೊದಲ ದಿನವೇ ಆಳುಗಳಿಗೆ ಹೇಳಿದ್ದ. ಅದರಂತೆ ಏಳು ಗಾಳಿಗಂಡಿಗಳನ್ನು ಊರಿನ ನೆಲದವರೆಗೆ ತೆಗೆಸಿದ. ಒಳಗೆ ಪಂಜು ತರಬಾರದು, ಮಧ್ಯಾಹ್ನದವರೆಗೆ ಬರುವ ಬಂಡಿ, ಆಮೇಲೆ ಹೋಗುವ ಬಂಡಿ ಎಂಬ ಕಟ್ಟಳೆಗಳೂ ಅವನವೇ. ಸುರಂಗದ ಗೋಡೆಯ ಗೂಡುಗಳಲ್ಲಿ ಹಣತೆ ಹಚ್ಚಿ ನೋಡಿಕೊಳ್ಳುವ ಕೆಲಸವನ್ನು ಮಣ್ಣು ಹೊತ್ತ ಹೆಂಗಸರಲ್ಲಿ ಗಟ್ಟಿಗಿತ್ತಿಯಾದ ದುರುಗವ್ವನಿಗೆ ಕೊಟ್ಟ.

ನಾಲ್ಕನೆಯ ಗಂಡಿ, ಅಂದರೆ ನಟ್ಟನಡುವಿನದು, ಪ್ರಧಾನಿ ಸಿಂಗರಯ್ಯನ ಹಿತ್ತಿಲಿನಲ್ಲಿ ಬಾಯಿ ತೆರೆಯಿತು. ದಾರಿ ಪೂರ್ತಿಯಾಗಿ, ವಿಜಯದಶಮಿಗೆ ನಾಯಕನ ಸವಾರಿ ಅದರೊಳಗೆ ಹಾಯುವುದೆಂದು ನಿಶ್ಚಯವಾಗಿತ್ತು. ಪ್ರಧಾನಿ ಮಾಚೋಜನನ್ನು ಕರೆಸಿ, “ದನದ ವಾಸನೆಯೆಲ್ಲ ನನ್ನ ದೇವರಮನೆಗೆ ಬರುತ್ತದೆ. ಆರು ಸಾಲದೇನಯ್ಯಾ?” ಎಂದ. ಸಾಲದೆಂದು ಮಾಚೋಜನಿಗೆ ಗೊತ್ತಿತ್ತು. ಆದರೆ ಸಭೆಯಲ್ಲಿ ತನಗೆ ಚಿನ್ನದ ಕಡಗ ತೊಡಿಸುವ ಮಾತು ನಡೆದಿರುವುದೂ, ಆ ಮಾತು ಪ್ರಧಾನಿಯ ಕೈಯಲ್ಲಿರುವುದೂ ಗೊತ್ತಿತ್ತು. “ಸಾಕಾಗಬಹುದು ಬುದ್ಧಿ” ಎಂದುಬಿಟ್ಟ. ಮರುದಿನವೇ ಗಂಡಿಯ ಮೇಲೆ ಚಪ್ಪಡಿ ಎಳೆಸಿ ಗಾರೆ ಮೆತ್ತಿಸಿದ.

ವಾರ ಕಳೆಯುವುದರೊಳಗೆ ದುರುಗವ್ವ ಬಂದಳು. “ಓಜಪ್ಪಾ, ನಡುವಿನ ಗೂಡಿನಾಗೆ ದೀಪ ಸೊರಗ್ತೈತೆ. ನನಗೂ ಅಲ್ಲಿ ನಿಂತ್ರೆ ಎದೆ ಕಟ್ಟಿದಂಗೆ ಆಗ್ತೈತೆ. ಆ ಗಂಡಿ ತೆಗೆಸಿಬಿಡು” ಎಂದಳು. ಸುತ್ತ ಹತ್ತಾರು ಆಳುಗಳು ನಿಂತಿದ್ದರು. ಮಾಚೋಜನ ಕಿವಿ ಕೆಂಪಾಯಿತು. “ಎಣ್ಣೆ ಕಡಿಮೆ ಹಾಕಿ ನನ್ನ ಕೆಲಸಕ್ಕೆ ಕೆಟ್ಟ ಹೆಸರಿಡ್ತೀಯಾ?” ಎಂದು ಎಲ್ಲರೆದುರು ಗದರಿದ. ಅವಳು ಎಣ್ಣೆಯ ಗಿಂಡಿ ಎತ್ತಿಕೊಂಡು ಒಳಗೆ ಹೋದಳು.

ದಸರೆ ಮುಗಿದ ಮೇಲಿನ ಮೂರನೆಯ ಸಂತೆಯ ದಿನ ಅರಳೆ ತುಂಬಿದ ಬಂಡಿಯೊಂದರ ಎತ್ತು ನಡುವಿನ ಮಬ್ಬಿನಲ್ಲಿ ಬೆದರಿ ಬಂಡಿಯನ್ನು ಗೋಡೆಗೆ ಒರಗಿಸಿತು. ಗೂಡಿನ ಹಣತೆ ಮೂಟೆಗೆ ತಗುಲಿತು. ಉರಿ ದೊಡ್ಡದಾಗಲಿಲ್ಲ, ಹೊಗೆ ದೊಡ್ಡದಾಯಿತು. ತುದಿಗಳ ಹೊಗೆ ಗಂಡಿಗಳಲ್ಲಿ ಏರಿಹೋದರೆ ನಡುವಿನದು ಚಪ್ಪಡಿಗೆ ಬಡಿದು ಅಲ್ಲೇ ಇಳಿಯಿತು. ದುರುಗವ್ವ ಒದ್ದೆ ಸೆರಗು ಮುಖಕ್ಕೆ ಸುತ್ತಿಕೊಂಡು ಎರಡು ಸಲ ಒಳಹೊಕ್ಕು ಒಂಬತ್ತು ಜನರನ್ನು ಕೈಹಿಡಿದು ತಂದಳು ಎನ್ನುತ್ತಾರೆ. ಮೂರನೆಯ ಸಲ ಹೋದವಳು ಬರಲಿಲ್ಲ. ಅವಳೊಂದಿಗೆ ಇಬ್ಬರು ಬಂಡಿಕಾರರೂ ಹೊಗೆಯಲ್ಲಿ ಸತ್ತರು.

ನಾಯಕ ಸಭೆ ಕರೆದು ವಿಚಾರಿಸಿದ. ದೀಪ ಮಂಕಾಗಿದ್ದರಿಂದಲೇ ಎತ್ತು ಬೆದರಿತೆಂದೂ, ಆ ಹೆಂಗಸು ಎಣ್ಣೆ ಹಾಕುವುದರಲ್ಲಿ ಕಳ್ಳಿಯೆಂದೂ, ಓಜನೇ ಹಿಂದೆ ಅವಳನ್ನು ಬೈದದ್ದಕ್ಕೆ ಸಾಕ್ಷಿಗಳುಂಟೆಂದೂ ಪ್ರಧಾನಿ ಅರಿಕೆ ಮಾಡಿದ. “ಬೈದದ್ದು ಹೌದೆ?” ಎಂದು ನಾಯಕ ಕೇಳಿದ. ಕೈಯಲ್ಲಿ ಹೊಸ ಕಡಗವಿದ್ದ ಮಾಚೋಜ, “ಬೈದದ್ದು ಹೌದು, ಪ್ರಭು” ಎಂದ. ಅದು ಸುಳ್ಳಲ್ಲವೆಂದು ಮನೆ ಮುಟ್ಟುವವರೆಗೂ ಹೇಳಿಕೊಂಡ. ಮನೆಯಲ್ಲಿ ಊಟಕ್ಕೆ ಕೂತ. ತಟ್ಟೆ ಬಿಟ್ಟು ಎದ್ದವನು ಹೆಂಡತಿಯ ಮುಖ ನೋಡಲಾರದೆ ಹೋದ.

ತಪ್ಪು ದುರುಗವ್ವನದೆಂದು ತೀರ್ಮಾನವಾಗಿ, ಅವಳ ಮಗಳು ಕೆಂಚವ್ವ ಊರು ಬಿಡಬೇಕೆಂದು ಅಪ್ಪಣೆಯಾಯಿತು. ಅವಳು ಗಂಟು ಹೊತ್ತು ಹೊಳೆಬಾಗಿಲು ದಾಟುವಾಗ ಮಾಚೋಜ ಅಡ್ಡ ನಿಂತು, ನಡೆದದ್ದನ್ನೆಲ್ಲ ತಲೆ ಎತ್ತದೆ ಹೇಳಿದ. ಕೆಂಚವ್ವ ಕೇಳಿಸಿಕೊಂಡಳು.

“ನಮ್ಮವ್ವನ ಎಣ್ಣೆ ಸರಿ ಇತ್ತು ಅಂತ ನನಗ್ಯಾಕೆ ಹೇಳ್ತೀಯ ಓಜಪ್ಪ? ನನಗೆ ಗೊತ್ತಿಲ್ವಾ? ನೀನು ಬೈದಾಗ ಕೇಳಿದೋರಿಗೆ ಹೇಳು” ಎಂದು ಹೇಳಿ, ಪಕ್ಕಕ್ಕೆ ಸರಿದು ನಡೆದಳು.

ಅವನು ಅಲ್ಲಿಂದ ನೇರ ಪ್ರಧಾನಿಯ ಹಿತ್ತಿಲಿಗೆ ಹೋದ. ನಡುಹಗಲಲ್ಲಿ, ಸುತ್ತಿಗೆಯಿಂದ, ಒಬ್ಬನೇ ಚಪ್ಪಡಿ ಒಡೆಯತೊಡಗಿದ. ಸದ್ದಿಗೆ ಊರು ನೆರೆಯಿತು, ನಾಯಕನೂ ಬಂದ. ಮಾಚೋಜ ಕಡಗ ಕಳಚಿ ಅವನ ಪಾದದ ಬಳಿ ಇಟ್ಟು, ಎಲ್ಲವನ್ನೂ ಗಟ್ಟಿಯಾಗಿ ಹೇಳಿದ. ಪ್ರಧಾನಿ ಕೇಳಿದ್ದು ನಿಜ, ಆದರೆ ಗಾಳಿಯ ಲೆಕ್ಕ ಬಲ್ಲವನು ತಾನು ಎಂದ.

“ಅಂದೇ ಹೇಳಬಹುದಿತ್ತಲ್ಲ” ಎಂದ ನಾಯಕ.

“ಹೇಳಬಹುದಿತ್ತು ಪ್ರಭು. ನಾನು ಸುಮ್ಮನಿದ್ದೆ.”

ನಾಯಕ ಅವನಿಗೆ ಬೇರೆ ಶಿಕ್ಷೆ ಕೊಡಲಿಲ್ಲ. ಆ ಹಿತ್ತಿಲನ್ನು ಊರಿಗೆ ಬಿಡಿಸಿ, ಕೆಂಚವ್ವನನ್ನು ಕರೆತರಲು ಆಳು ಅಟ್ಟಿದ. ಅವಳು ಬರಲಿಲ್ಲ. ಮಾಚೋಜ ಗಂಡಿಯ ಅಂಚಿನಲ್ಲಿ ಕೂತು ಮೂರು ದಿನ ಅಕ್ಷರ ಕೊರೆದ: ‘ದುರುಗವ್ವನ ಎಣ್ಣೆ ಸರಿಯಿತ್ತು. ಗಂಡಿ ಮುಚ್ಚಿದ್ದು ಮಾಚೋಜನ ತಪ್ಪು.’ ಆಮೇಲೆ ಅವನು ಸಾಯುವವರೆಗೂ ಸುರಂಗದ ದೀಪಗಳಿಗೆ ತಾನೇ ಎಣ್ಣೆ ಹಾಕುತ್ತಿದ್ದನಂತೆ.

ಹೆದ್ದಾರಿಗಾಗಿ ಸುರಂಗವನ್ನು ಅಗಲಗೊಳಿಸಿದಾಗ ದೊಡ್ಡ ಫ್ಯಾನುಗಳು ಬಂದವು. ಆದರೂ ಹಳೆಯ ಏಳು ಗಂಡಿಗಳನ್ನು ಯಾರೂ ಮುಚ್ಚಲಿಲ್ಲ. ಆರಕ್ಕೆ ಕಮಲದ ದಳಗಳ ನುಣುಪಾದ ಅಂಚಿದೆ. ಇದಕ್ಕೆ ಮಾತ್ರ ಸುತ್ತಿಗೆ ಬಿದ್ದ ಒರಟು ಅಂಚು. ಅಕ್ಷರಗಳಿರುವುದು ಅಂಚಿನ ಒಳಮೈಯಲ್ಲಿ. ನಿಂತು ನೋಡಿದರೆ ಕಾಣುವುದಿಲ್ಲ. ಓದಬೇಕೆನ್ನುವವರು ಮೊಣಕಾಲೂರಿ ತಲೆ ಬಗ್ಗಿಸುತ್ತಾರೆ, ಆಗ ಕೆಳಗಿನ ಗಾಳಿ ಮುಖಕ್ಕೆ ಬಡಿಯುತ್ತದೆ.